ಶರೀಫಜ್ಜನ ಪದ ಬೆಳೆದ ಬಗೆ

ಭಜನಿ ನಡೆಯುವ ಊರಿನಾಗ ಶಿಶುನಾಳ ಶರೀಫರ ಪದ ಕೇಳದವರು ಯಾರೂ ಇಲ್ಲ. ಆದರೆ ಆ ಪದಗಳು ಎಲ್ಲಿ ಹುಟ್ಟಿದವು, ಹೇಗೆ ಬಲಿತವು ಎಂದು ನಾವು ವಿಚಾರ ಮಾಡುವುದು ಕಡಿಮೆ. ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಆ ಹಿರಿಯ ಜೀವವನ್ನು ನೆನೆಯೋಣ.

ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ. ತಂದೆ ಇಮಾಮಸಾಹೇಬರು. ಹುಲಗೂರಿನ ಖಾದರಷಾವಲಿಯವರ ಕೃಪೆಯಿಂದ ಮಗ ಹುಟ್ಟಿದನೆಂದು ಮನೆಯವರ ನಂಬಿಕೆ. ಕನ್ನಡ ಸಾಲಿ ಕಲಿತ ಶರೀಫರು ಸುತ್ತಲ ಹಳ್ಳಿಗಳಲ್ಲಿ ಕೆಲಕಾಲ ಮಾಸ್ತರಿಕೆಯನ್ನೂ ಮಾಡಿದರು. ಆದರೆ ಮನಸ್ಸು ಅದರಾಗ ನಿಲ್ಲಲಿಲ್ಲ.

ಅವರ ಹಾಡಿಗೆ ಎರಡು ಬೇರು. ಒಂದು, ಮೊಹರಮ್ಮಿನಲ್ಲಿ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆ ಹಾಡುವ ರಿವಾಯತ ಪದ. ಇನ್ನೊಂದು, ಆ ಸೀಮೆಯ ಮಠ, ಗುಡಿಗಳಲ್ಲಿ ನಡೆಯುತ್ತಿದ್ದ ವಚನ, ಪುರಾಣ, ಭಜನಿ. ಶರೀಫರು ಎರಡನ್ನೂ ಬಿಡಲಿಲ್ಲ. ರಿವಾಯತವನ್ನೂ ಕಟ್ಟಿದರು, ತತ್ವಪದವನ್ನೂ ಕಟ್ಟಿದರು.

ಅವರ ಹಾಡಿಗೆ ಆಳ ಬಂದದ್ದು ಕಳಸದ ಗೋವಿಂದಭಟ್ಟರು ಗುರುಗಳಾಗಿ ಸಿಕ್ಕ ಮೇಲೆ. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ; ಎರಡೂ ಕಡೆಯ ಜನ ಆಡಿಕೊಂಡರು. ಗುರುಗಳು ಶಿಷ್ಯನಿಗೆ ಜನಿವಾರವನ್ನೇ ಹಾಕಿದರೆಂದು ಇಂದಿಗೂ ಹೇಳುತ್ತಾರೆ. ಬೈಗುಳಕ್ಕೆ ಇಬ್ಬರೂ ಬಗ್ಗಲಿಲ್ಲ. ನವಲಗುಂದದ ನಾಗಲಿಂಗ ಸ್ವಾಮಿಗಳ ಒಡನಾಟವೂ ಶರೀಫರಿಗೆ ದೊರೆಯಿತು. ಇತ್ತ ಸಂಸಾರದಲ್ಲಿ ಸುಖ ಕಡಿಮೆ. ಹೆಂಡತಿ ಬೇಗ ತೀರಿಕೊಂಡರು. ಆಮೇಲೆ ಪದವೇ ಅವರ ಬಾಳಾಯಿತು.

ದೊಡ್ಡ ವೇದಾಂತವನ್ನು ಅವರು ಸಣ್ಣ ಸಾಮಾನಿನಲ್ಲಿ ಇಟ್ಟರು. ಸೋರುವ ಮಾಳಿಗೆ ಅಜ್ಞಾನದ ಮನಸ್ಸಾಯಿತು. ತಂತಿಯ ತಂಬೂರಿ ಈ ದೇಹವಾಯಿತು. ಗಿರಣಿ ಬಂದ ಕಾಲಕ್ಕೆ ಗಿರಣಿಯ ಮೇಲೂ ಪದ ಕಟ್ಟಿದರು. ಊರಿನ ಹೆಸರನ್ನೇ ಅಂಕಿತದೊಳಗೆ ಸೇರಿಸಿಕೊಂಡರು. ಹೊಲದಾಗ ದುಡಿಯುವವನಿಗೆ ಪದ ಕೇಳಿದ ಕೂಡಲೆ ನಗು ಬರುತ್ತದೆ. ಒಳಗಿನ ಅರ್ಥ ಆಮೇಲೆ ನಿಧಾನಕ್ಕೆ ತಿಳಿಯುತ್ತದೆ.

1889ರಲ್ಲಿ ಶರೀಫರು ದೇಹ ಬಿಟ್ಟಾಗ ಹಿಂದೂ, ಮುಸ್ಲಿಂ ಇಬ್ಬರೂ ತಮ್ಮ ತಮ್ಮ ವಿಧಿ ನಡೆಸಿದರೆಂದು ಪ್ರತೀತಿ. ಶಿಶುನಾಳದ ಅವರ ಗದ್ದುಗೆಗೆ ಎರಡೂ ಸಮಾಜದವರು ನಡೆದುಕೊಳ್ಳುತ್ತಾರೆ.

ಮುಂದೆ ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು, ಗಾಯಕ ಸಿ. ಅಶ್ವಥ್ ಈ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ. ಎಸ್. ನಾಗಾಭರಣರ ಸಿನೆಮಾ ಬಂತು. ಆದರೆ ಕ್ಯಾಸೆಟ್ಟು, ಸಿನೆಮಾ ಇಲ್ಲದ ಅಷ್ಟು ವರ್ಷ ಇವನ್ನು ಕಾಯ್ದವರು ಯಾರು? ಹಗಲು ದುಡಿದು, ರಾತ್ರಿ ತಾಳ ಹಿಡಿದು ಕೂತ ಒಕ್ಕಲಿಗರು, ಕೂಲಿಕಾರರು, ತಾಯಂದಿರು. ಒಬ್ಬರು ಹೇಳಿಕೊಟ್ಟರು, ಇನ್ನೊಬ್ಬರು ಕಲಿತರು. ಹೀಗೆ ಉಳಿದ ಆಸ್ತಿ ಅದು.

ಆ ಸರಪಳಿ ನಮ್ಮ ಕಾಲಕ್ಕೆ ಕಡಿಯಬಾರದು. ಹಿರಿಯರಿಗೆ ಬರುವ ಪದಗಳನ್ನು ಮಕ್ಕಳು ಬರೆದಿಟ್ಟುಕೊಳ್ಳಲಿ. ಬರೆದರಷ್ಟೇ ಸಾಲದು, ಹಾಡಲಿ. ಸಂಘದ ಬಂಡವಾಳದಂತೆ ಇದೂ ಎಲ್ಲರೂ ಕೂಡಿ ಉಳಿಸಬೇಕಾದ ಗಂಟು.