ಮೂಸಿ ನದಿಯ ಲೆಕ್ಕ ಹಾಕಿದ ವಿಶ್ವೇಶ್ವರಯ್ಯ

ಮಕ್ಕಳೇ, ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನ ಆಚರಿಸುವುದನ್ನು ನೀವು ನೋಡಿರಬಹುದು. ಅದು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. ಅವರ ಹೆಸರು ಕೇಳಿದೊಡನೆ ನಿಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ, ಅಲ್ಲವೇ? ಆದರೆ ಮೈಸೂರಿಗೆ ಹೋಗುವ ಮೊದಲು ಅವರು ನಮ್ಮ ಸೀಮೆಯ ರಾಜಧಾನಿಗೆ ಬಂದು ದೊಡ್ಡದೊಂದು ಕೆಲಸ ಮಾಡಿದ್ದರು.

ನಮ್ಮ ಸೀಮೆಯ ರಾಜಧಾನಿ ಯಾವುದು? ಬೆಂಗಳೂರು ಎನ್ನುವಿರಿ. ಆಗ ಹಾಗಿರಲಿಲ್ಲ. ಬೀದರ್, ಭಾಲ್ಕಿ, ಔರಾದ್, ಕೋಟೆಯ ಊರು ಭಾತಂಬ್ರಾ ಎಲ್ಲವೂ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. 1956ರಲ್ಲಷ್ಟೇ ಇವು ಕನ್ನಡನಾಡಿಗೆ ಸೇರಿದವು. ಹೈದರಾಬಾದ್ ನಗರದ ನಡುವೆ ಮೂಸಿ ಎಂಬ ನದಿ ಹರಿಯುತ್ತದೆ.

1908ರ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ಭಾರಿ ಮಳೆ ಸುರಿಯಿತು. ಹತ್ತಿರದ ಶಂಷಾಬಾದಿನಲ್ಲಿ ಎರಡೇ ದಿನಗಳಲ್ಲಿ ಸುಮಾರು 480 ಮಿಲಿಮೀಟರ್! ಬೀದರಿನಲ್ಲಿ ಇಡೀ ವರ್ಷ ಬೀಳುವ ಮಳೆಯ ಹೆಚ್ಚುಕಡಿಮೆ ಅರ್ಧ. ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ನಗರಕ್ಕೆ ನುಗ್ಗಿತು. ಸುಮಾರು 15,000 ಜನ ಸತ್ತರು. ಅಫ್ಜಲ್‌ಗಂಜ್‌ನ ಒಂದು ಹುಣಸೆಮರವನ್ನು ಹತ್ತಿ ಕುಳಿತ ಸುಮಾರು 150 ಜನ ಬದುಕಿಕೊಂಡರು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿರುವ ಮರ ಅದು.

ಇಂಥ ಹೊತ್ತಿನಲ್ಲಿ ನಿಜಾಮ ಸರ್ಕಾರ ಹುಡುಕಿದ್ದು ವಿಶ್ವೇಶ್ವರಯ್ಯನವರನ್ನು. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯ ಹುಡುಗ ಅವರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದ್ದರು. ನೀರು ಏರಿದಾಗ ತಾವೇ ತೆರೆದುಕೊಳ್ಳುವ ಗೇಟುಗಳನ್ನು 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅಳವಡಿಸಿದ್ದರು. ಆ ಕೆಲಸ ಬಿಟ್ಟು ಅವರು ವಿದೇಶ ಪ್ರವಾಸದಲ್ಲಿದ್ದಾಗ ಹೈದರಾಬಾದಿನ ಕರೆ ಬಂತು. 1909ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿದರು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನದಿಯ ದಂಡೆಗೆ ಎತ್ತರದ ಗೋಡೆ ಕಟ್ಟಿಸುತ್ತಿದ್ದಿರೇನೋ. ವಿಶ್ವೇಶ್ವರಯ್ಯನವರು ಮೊದಲು ಕೈ ಹಾಕಿದ್ದು ಲೆಕ್ಕಕ್ಕೆ. ಮಳೆ ಎಲ್ಲಿ ಎಷ್ಟು ಬಿತ್ತು? ಎಷ್ಟು ನೆಲದ ನೀರು ಮೂಸಿಗೆ ಬಂದು ಸೇರುತ್ತದೆ? ಉತ್ತರ ಸಿಕ್ಕಿತು: 862 ಚದರ ಮೈಲಿ. ಆ ನೆಲದಲ್ಲಿ 788 ಕೆರೆಗಳಿದ್ದವು. ಅವುಗಳಲ್ಲಿ 221 ಕೆರೆಗಳು ಒಡೆದುಹೋಗಿದ್ದವು!

ಕೆರೆ ಒಡೆಯುವುದು ಹೇಗೆ? ಹೆಚ್ಚಾದ ನೀರು ಹೊರಗೆ ಹೋಗಲು ಕೆರೆಗೆ ಕೋಡಿ ಇರುತ್ತದೆ. ಕೋಡಿ ಸಾಲದಷ್ಟು ನೀರು ಬಂದರೆ ಅದು ಏರಿಯ ಮೇಲೆಯೇ ಹರಿಯುತ್ತದೆ. ಮಣ್ಣಿನ ಏರಿ ಕೊಚ್ಚಿಕೊಂಡು ಹೋಗುತ್ತದೆ. ಮೇಲಿನ ಕೆರೆಯ ನೀರೆಲ್ಲ ಒಮ್ಮೆಲೇ ಕೆಳಗಿನ ಕೆರೆಗೆ ಬಡಿಯುತ್ತದೆ, ಅದೂ ಒಡೆಯುತ್ತದೆ. ಮಳೆ ಎಂಬ ಒಂದು ಅಪಾಯಕ್ಕೆ ಕೆರೆಗಳು ಇನ್ನೊಂದು ಅಪಾಯವನ್ನು ಕೂಡಿಸಿದ್ದವು.

ಈಗ ಇಂಥ ಲೆಕ್ಕವನ್ನು ಪ್ರತಿ ಜಿಲ್ಲೆಗೂ ಹಾಕಬೇಕಾಗುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲೆಗೊಂದು ಯೋಜನೆ ಇರಬೇಕು. ಅದಕ್ಕೆ ಎರಡು ಪ್ರಶ್ನೆ ಮುಖ್ಯ: ಈ ಅಪಾಯ ಎಷ್ಟು ಸಲ ಬರಬಹುದು? ಬಂದರೆ ಹಾನಿ ಎಷ್ಟು? ನಮ್ಮ ಜಿಲ್ಲೆಯನ್ನೇ ನೋಡಿ. ಬರ ಮತ್ತೆ ಮತ್ತೆ ಬರುತ್ತದೆ, ಆದರೆ ಮೆಲ್ಲಗೆ. ಬೀದರ್, ಹುಮನಾಬಾದ್‌ಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಕಾರ್ಖಾನೆಯಿಂದ ವಿಷಾನಿಲ ಸೋರುವುದು ಅಪರೂಪ, ಆದರೆ ಸೋರಿದರೆ ಓಡಲೂ ಹೊತ್ತಿರುವುದಿಲ್ಲ. ಇವೆರಡರಲ್ಲಿ ಯಾವುದಕ್ಕೆ ಮೊದಲ ಸ್ಥಾನ? ಸುಲಭದ ಪ್ರಶ್ನೆಯೇನಲ್ಲ. ಪ್ರವಾಹದ ನೀರು ಕಾರ್ಖಾನೆಗೆ ನುಗ್ಗಿದರೆ ಎರಡು ಅಪಾಯಗಳು ಕೂಡಿಕೊಳ್ಳುತ್ತವೆ, ಆ ಕೆರೆಗಳ ಹಾಗೆ.

ಮತ್ತೆ ಮೂಸಿಗೆ ಬರೋಣ. ನೀರು ನಗರಕ್ಕೆ ಬಂದ ಮೇಲೆ ತಡೆಯುವುದಕ್ಕಿಂತ ಮೇಲೆಯೇ ಹಿಡಿದು ನಿಲ್ಲಿಸಬೇಕೆಂದು ವಿಶ್ವೇಶ್ವರಯ್ಯನವರು ತೀರ್ಮಾನಿಸಿದರು. ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಹೀಗೆ ಎರಡು ಜಲಾಶಯಗಳನ್ನು ಸೂಚಿಸಿದರು. ನಗರದೊಳಗೆ ದಂಡೆ ಎತ್ತರಿಸುವುದು, ಚರಂಡಿ ಮಾಡಿಸುವುದು ಕೂಡ ಅವರ ಸಲಹೆಯಲ್ಲಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು, 1912ರಲ್ಲಿ ದಿವಾನರಾದರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಅವರು ಸೂಚಿಸಿದ್ದ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ತಿಯಾದವು. ಇವು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಇಲ್ಲೊಂದು ತೊಡಕಿದೆ ನೋಡಿ. ಕುಡಿಯುವ ನೀರಿಗೆ ಜಲಾಶಯ ತುಂಬಿರಬೇಕು. ಪ್ರವಾಹ ತಡೆಯಬೇಕಾದರೆ ಅದರಲ್ಲಿ ಖಾಲಿ ಜಾಗ ಇರಬೇಕು! 2020ರ ಅಕ್ಟೋಬರ್‌ನಲ್ಲಿ ಜೋರು ಮಳೆ ಬಂದಾಗ ಹಿಮಾಯತ್ ಸಾಗರದ ಗೇಟುಗಳನ್ನು ತೆರೆದು ಮೂಸಿಗೆ ನೀರು ಬಿಡಬೇಕಾಯಿತು.