ದಾದಿಯನ್ನು ಕಳೆದುಕೊಂಡ ಹುಡುಗ

ಸಂತಪುರದಲ್ಲಿ ನನ್ನನ್ನು ಸಾಕಿದ್ದು ಆಯಿ, ಅಂದರೆ ನನ್ನಜ್ಜಿ. ಅಪ್ಪ, ಅವ್ವ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ನನಗೆ 4 ವರ್ಷವಾದಾಗ ಬಂದು ಕರೆದೊಯ್ದರು. ಅಲ್ಲಿ ಎಷ್ಟೋ ದಿನ ನಾನು ಯಾರ ಜೊತೆಗೂ ಮಾತಾಡಲಿಲ್ಲವಂತೆ. ಹಟಮಾರಿ ಕೂಸು ಎಂದರು ಎಲ್ಲರೂ. ಬಿ.ಇಡಿ. ಓದುವಾಗ ಜಾನ್ ಬೌಲ್ಬಿಯವರ ಬದುಕಿನ ಕತೆ ತಿಳಿಯಿತು. ಆಗ ನನ್ನ ಆ ಮೌನದ ಅರ್ಥ ಹೊಳೆಯಿತು.

ಬೌಲ್ಬಿ ಹುಟ್ಟಿದ್ದು 1907ರಲ್ಲಿ, ಲಂಡನ್ನಿನ ಸಿರಿವಂತ ಮನೆಯಲ್ಲಿ. ತಂದೆ ಹೆಸರಾಂತ ಶಸ್ತ್ರವೈದ್ಯ. ತಾಯಿ ಮಕ್ಕಳಿಗೆ ಸಿಗುತ್ತಿದ್ದುದು ದಿನಕ್ಕೆ ಒಂದೇ ಗಂಟೆ, ಅದೂ ಸಂಜೆ ಚಹಾ ಮುಗಿದ ಮೇಲೆ. ಮುದ್ದು ಮಾಡಿದರೆ ಮಕ್ಕಳು ಕೆಡುತ್ತಾರೆಂಬ ನಂಬಿಕೆ ಅಂಥ ಮನೆಗಳಲ್ಲಿತ್ತು. ಪುಟ್ಟ ಜಾನ್‌ಗೆ ಆಸರೆಯಾಗಿದ್ದವಳು ಮಿನ್ನಿ ಎಂಬ ದಾದಿ. ಅವನಿಗೆ ಸುಮಾರು 4 ವರ್ಷವಾದಾಗ ಅವಳು ಕೆಲಸ ಬಿಟ್ಟು ಹೋದಳು. ಹೆತ್ತ ತಾಯಿಯನ್ನೇ ಕಳೆದುಕೊಂಡಂಥ ಆ ನೋವನ್ನು ಅವರು ದೊಡ್ಡವರಾದ ಮೇಲೂ ಮರೆಯಲಿಲ್ಲ.

ಕೇಂಬ್ರಿಡ್ಜಿನಲ್ಲಿ ಓದಿ, ಮುಂದೆ ಮನೋವೈದ್ಯರಾದ ಬೌಲ್ಬಿ ದಾರಿ ತಪ್ಪಿದ ಮಕ್ಕಳ ಜೊತೆ ಕೆಲಸ ಮಾಡಿದರು. ಕಳ್ಳತನಕ್ಕಿಳಿದ 44 ಮಕ್ಕಳ ಬಗ್ಗೆ 1944ರಲ್ಲಿ ಬರೆದರು. ಅವರಲ್ಲಿ 14 ಮಕ್ಕಳಿಗೆ ಯಾರ ಮೇಲೂ ಮಮತೆ ಇರಲಿಲ್ಲ. ಆ 14ರಲ್ಲಿ 12 ಮಕ್ಕಳು ಎಳೆತನದಲ್ಲೇ ತಾಯಿಯಿಂದ ಬಹುಕಾಲ ದೂರವಾಗಿದ್ದವರು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿಯಲ್ಲಿ, ಕೂಸಿಗೆ ಅನ್ನದಷ್ಟೇ ಆಪ್ತ ಜೀವದ ಆಸರೆಯೂ ಬೇಕೆಂದು ವಾದಿಸಿದರು. ಹೆಂಗಸರನ್ನು ಮನೆಯಲ್ಲೇ ಕಟ್ಟಿಹಾಕುವ ಮಾತಿದು ಎಂಬ ಟೀಕೆಯೂ ಬಂತು. ಆದರೆ ತಾಯಿಯ ಜಾಗದಲ್ಲಿ ನಿಂತು ಕಾಯಂ ಸಾಕುವವರೂ ಆ ಆಸರೆ ಕೊಡಬಲ್ಲರೆಂದು ಅವರು ಒಪ್ಪಿದ್ದರು.

ಅವರ ಸಂಗಾತಿ ಸಂಶೋಧಕಿ ಮೇರಿ ಐನ್ಸ್‌ವರ್ತ್ ಉಗಾಂಡಾದ ಹಳ್ಳಿಗಳಲ್ಲಿ ತಾಯಿ, ಮಕ್ಕಳನ್ನು ಕಣ್ಣಾರೆ ಗಮನಿಸಿದರು. ಅತ್ತಾಗ ಎತ್ತಿಕೊಳ್ಳುವವರು, ನಕ್ಕಾಗ ನಗುವವರು ಇದ್ದರೆ ಕೂಸಿಗೆ ಧೈರ್ಯ ಬರುತ್ತದೆ. ಆ ಧೈರ್ಯದಿಂದಲೇ ಅದು ಮಡಿಲಿಳಿದು ಹೊರಗಿನ ಲೋಕ ನೋಡುತ್ತದೆ. ಈ ಬಾಂಧವ್ಯದ ಬಗ್ಗೆ ಮೂರು ಸಂಪುಟ ಬರೆದು, 1990ರಲ್ಲಿ ಬೌಲ್ಬಿ ತೀರಿಕೊಂಡರು.

ಈಗ ನಮ್ಮಣ್ಣನ 2 ವರ್ಷದ ಮಗಳು ಆಯಿಯ ಹತ್ತಿರವೇ ಇದ್ದಾಳೆ. ಬಂದ ದಿನವೇ ಅವಳನ್ನು ಹೈದರಾಬಾದಿಗೆ ಕರೆದೊಯ್ಯುವ ಯೋಚನೆ ಅಣ್ಣನದು. ನಾನು ಫೋನ್ ಮಾಡಿ, ಅಣ್ಣ, ಅತ್ತಿಗೆ ಮೊದಲು ಇಲ್ಲಿ ಕೆಲ ದಿನ ಇದ್ದು ಕೂಸಿಗೆ ಉಣಿಸಿ ಮಲಗಿಸಲಿ, ಹೋಗುವಾಗ ಆಯಿಯನ್ನೂ ಕರೆದುಕೊಂಡು ಹೋಗಲಿ ಎಂದೆ. ಕೂಲಿ ತಪ್ಪುತ್ತದೆ ಎಂದು ಅಣ್ಣ ಸಿಟ್ಟಾದ. ನನ್ನ 4ನೇ ವರ್ಷದ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 15 ದಿನ ರಜೆ ಕೇಳುತ್ತೇನೆ ಎಂದ.

ದುಡಿಯಲು ಊರು ಬಿಡುವುದು ನಮ್ಮ ಕಡೆ ತಪ್ಪಿದ್ದಲ್ಲ. ಆದರೆ ಕೂಸನ್ನು ಒಂದು ಮಡಿಲಿಂದ ಇನ್ನೊಂದು ಮಡಿಲಿಗೆ ಮೆಲ್ಲಗೆ ದಾಟಿಸಬಹುದು. ಆಯಿ ಆಗಲೇ ಗಂಟು ಕಟ್ಟಿದ್ದಾಳೆ. ಅದರಲ್ಲಿ ಕೂಸಿನ ಹಳೆಯ ಕೌದಿಯೂ ಇದೆ.