ಪಂಡಿತಾ ರಮಾಬಾಯಿಯವರೂ ಎಳೆಯರ ಶಿಕ್ಷಣವೂ

ಕನ್ನಡ ನಾಡಿನಲ್ಲಿ ಜನಿಸಿ ಲೋಕವಿಖ್ಯಾತರಾದ ಮಹಿಳೆಯರಲ್ಲಿ ಪಂಡಿತಾ ರಮಾಬಾಯಿಯವರು ಅಗ್ರಗಣ್ಯರು. ಇವರು 1858ನೆಯ ಇಸವಿ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಜನರ ವಿರೋಧವನ್ನು ಲಕ್ಷಿಸದೆ ಪತ್ನಿಗೆ ಸಂಸ್ಕೃತವನ್ನು ಕಲಿಸಿದ್ದರು. ಆ ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಗುರುವಾದರು. ಮುಂದೆ ಘೋರವಾದ ಕ್ಷಾಮದಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಕೆರೆ ಬತ್ತಿದ ವರುಷಗಳನ್ನು ಕಂಡಿರುವ ಮದಲೂರು, ಶಿರಾ, ಪಾವಗಡಗಳ ನಮ್ಮ ಸೀಮೆಯವರಿಗೆ ಆ ಸಂಕಟವನ್ನು ವಿವರಿಸಬೇಕಾಗಿಲ್ಲ.

ಅಣ್ಣನೊಡನೆ ದೇಶವನ್ನೆಲ್ಲಾ ಸುತ್ತಿದ ರಮಾಬಾಯಿಯವರಿಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ವಿವಾಹವಾಗಿ, 1882ರಲ್ಲಿ ಕೈಗೂಸು ಮನೋರಮೆಯೊಡನೆ ವಿಧವೆಯಾದರು. ಅದೇ ವರುಷ ಹಂಟರ್ ಶಿಕ್ಷಣ ಸಮಿತಿಯ ಮುಂದೆ, ಹೆಣ್ಣುಮಕ್ಕಳಿಗೆ ಸ್ತ್ರೀ ಶಿಕ್ಷಕಿಯರೇ ಬೇಕೆಂದು ವಾದಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು.

1886ರಲ್ಲಿ ಅಮೆರಿಕೆಗೆ ತೆರಳಿದಾಗ ಫ್ರೋಬೆಲ್ ಪಂಡಿತನ ಕಿಂಡರ್‌ಗಾರ್ಟನ್ ಪದ್ಧತಿಯು ಅವರ ಮನಸ್ಸನ್ನು ಸೆಳೆಯಿತು. ಚೆಂಡು, ಮರದ ತುಂಡು, ಜೇಡಿಮಣ್ಣು, ಹಾಡು, ಆಟ ಇವುಗಳಿಂದಲೇ ಶಿಶುವಿನ ಬುದ್ಧಿಯನ್ನು ಅರಳಿಸುವ ಈ ಕ್ರಮವನ್ನು ಫಿಲಡೆಲ್ಫಿಯ ನಗರದಲ್ಲಿ ವಿದ್ಯಾರ್ಥಿನಿಯಾಗಿ ಅಭ್ಯಾಸಮಾಡಿ, ಮರಾಠಿಯಲ್ಲಿ ಪಾಠಪುಸ್ತಕಗಳನ್ನೂ ಸಿದ್ಧಪಡಿಸಿದರು. ಪಾಂಡಿತ್ಯದ ಬಿರುದನ್ನು ಪಡೆದವರು ಮಕ್ಕಳಾಟವನ್ನು ಕಲಿಯಲು ಕುಳಿತುದನ್ನು ನಾವು ಗಮನಿಸಬೇಕು. ಎಳೆಯರ ಬಳಿ ಇರುವುದು ಕಲಿತು ಮಾಡತಕ್ಕ ಕೆಲಸವೆಂಬುದನ್ನು ಅವರು ಅರಿತಿದ್ದರು.

1889ರ ಮಾರ್ಚಿ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ಸ್ಥಾಪಿಸಿದರು. ಮನೆಯವರಿಗೆ ಹೊರೆಯೆನಿಸಿದ್ದ ಬಾಲವಿಧವೆಯರು ಅಲ್ಲಿ ಓದುಬರಹವನ್ನು ಕಲಿತು, ಇತರರಿಗೆ ಕಲಿಸಲು ತರಬೇತಿಯನ್ನು ಪಡೆದರು. 1896-97ರ ಕ್ಷಾಮದಲ್ಲಿ ದಿಕ್ಕಿಲ್ಲದ ನೂರಾರು ಹುಡುಗಿಯರನ್ನು ಮಧ್ಯಪ್ರಾಂತ್ಯಗಳಿಂದ ಕರೆತಂದು, ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನವನ್ನು ಕಟ್ಟಿದರು. ಅಲ್ಲಿ ಶಿಶುಶಾಲೆಯೂ ಶಿಕ್ಷಕಿಯರ ತರಬೇತಿಯ ಶಾಲೆಯೂ ಇದ್ದವು. ದೊಡ್ಡ ಹುಡುಗಿಯರು ಚಿಕ್ಕವರನ್ನು ನೋಡಿಕೊಳ್ಳುತ್ತಿದ್ದರು; ನಿನ್ನೆ ಅನ್ನಕ್ಕೆ ಕೈಚಾಚಿದವಳು ಇಂದು ಮತ್ತೊಂದು ಕೂಸಿನ ಕೈಹಿಡಿದಳು. 1912ರಲ್ಲಿ ಕಲಬುರಗಿಯಲ್ಲಿಯೂ ಹೆಣ್ಣುಮಕ್ಕಳ ಶಾಲೆಯೊಂದು ಆರಂಭವಾಯಿತು. ಮನೋರಮೆಯೇ ಅದನ್ನು ನಡೆಯಿಸಿದರು. ಮಗಳು 1921ರಲ್ಲಿ ತೀರಿಕೊಳ್ಳಲು, ತಾಯಿ 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.

1975ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಮೂಲಕ ಹಳ್ಳಿಹಳ್ಳಿಗೂ ಅಂಗನವಾಡಿಗಳು ಬಂದಿವೆ. ಅಲ್ಲಿ ಕಾರ್ಯಕರ್ತೆಯೊಡನೆ ಸಹಾಯಕಿಯೂ ಇರುವಳು. ಅಡಿಗೆಮಾಡುವುದು, ಕಸ ಗುಡಿಸುವುದು, ಮಕ್ಕಳನ್ನು ಕರೆತರುವುದು ಇಷ್ಟೇ ಆಕೆಯ ಕೆಲಸವೆಂದು ಹಲವರು ಎಣಿಸುವುದುಂಟು. ಆದರೆ ಅಳುವ ಕೂಸು ಮೊದಲು ಹಿಡಿಯುವುದು ಆಕೆಯ ಸೆರಗನ್ನೇ. ಕೈತೊಳೆಯುವುದನ್ನೂ ಹಂಚಿ ಉಣ್ಣುವುದನ್ನೂ ಅದು ಆಕೆಯಿಂದಲೇ ಕಲಿಯುವುದು. ಆಕೆಗೆ ತಕ್ಕ ತರಬೇತಿಯೂ ತಕ್ಕ ಸಂಬಳವೂ ಗೌರವವೂ ದೊರೆಯಬೇಕೆಂಬುದು ರಮಾಬಾಯಿಯವರ ಜೀವಿತದಿಂದ ನಮಗೆ ತಿಳಿಯುವ ಪಾಠವು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ತಂದೆತಾಯಿಗಳೂ ತಮ್ಮ ಊರಿನ ಸಹಾಯಕಿಯನ್ನು ಶಿಕ್ಷಕಿಯೆಂದೇ ಕಂಡು ಆದರಿಸಲೆಂದು ಹಾರೈಸುತ್ತೇವೆ.